ಉದ್ದ ಬರೆಯದ ಸ್ಟ್ರಿಂಗ್ ವೇರಿಯಬಲ್: ಎಸ್‌ಕ್ಯುಎಲ್ ಕೋಡ್‌ನಲ್ಲಿ ಸದ್ದಿಲ್ಲದೆ ಕಳೆದುಹೋಗುವ ಅಕ್ಷರಗಳು

ಮೈಕ್ರೋಸಾಫ್ಟ್‌ನ ಡೇಟಾಬೇಸ್ ಆದ ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಈ ಮೂರು ಸಾಲು ಓಡಿಸಿ ನೋಡಿ. (ಲೇಖನದ ಉದ್ದಕ್ಕೂ ಕೋಡನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಎಡಿಟರ್‌ನಲ್ಲಿ ಕೀವರ್ಡ್‌ಗಳನ್ನು ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ.)

ಡಿಕ್ಲೇರ್ @ಆರ್ಡರ್_ನಂ ವಾರ್‌ಚಾರ್;
ಸೆಟ್ @ಆರ್ಡರ್_ನಂ = '7205-318';
ಸೆಲೆಕ್ಟ್ @ಆರ್ಡರ್_ನಂ;

ಬರುವ ಉತ್ತರ 7. ಉಳಿದ ಏಳು ಅಕ್ಷರಗಳು ಹೋದವು. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಲಾಗ್‌ನಲ್ಲಿ ಒಂದು ಗೆರೆಯೂ ಇಲ್ಲ. ವಾರ್‌ಚಾರ್ (ಉದ್ದ ಬದಲಾಗುವ ಪಠ್ಯದ ಟೈಪ್) ಎಂದು ಬರೆದು ಉದ್ದ ಹೇಳದೆ ಬಿಟ್ಟರೆ, ವೇರಿಯಬಲ್ ಡಿಕ್ಲೇರ್ ಮಾಡುವಾಗ ಎಸ್‌ಕ್ಯುಎಲ್ ಸರ್ವರ್ ಆ ಉದ್ದವನ್ನು 1 ಎಂದು ಹಿಡಿಯುತ್ತದೆ. ಅದಕ್ಕಿಂತ ಉದ್ದದ ಬೆಲೆ (ವ್ಯಾಲ್ಯೂ) ಕೊಟ್ಟರೆ ಕತ್ತರಿಸಿ ಇಟ್ಟುಕೊಳ್ಳುತ್ತದೆ.

ಈ ವೇರಿಯಬಲ್ಲನ್ನು ವೇರ್ ಷರತ್ತಿನಲ್ಲಿ ಸಮ ಚಿಹ್ನೆಯೊಂದಿಗೆ ಬಳಸಿದ್ದರೆ ಒಂದು ರೋ ಕೂಡ ಸಿಗುವುದಿಲ್ಲ. ಹುಡುಕುವವರು ಡೇಟಾ ಇಲ್ಲವೆಂದು ತಿಳಿದು ಟೇಬಲ್ ಕೆದಕಲು ಹೊರಡುತ್ತಾರೆ. ಲೈಕ್ ಜೊತೆ ಶೇಕಡಾ ಚಿಹ್ನೆ ಸೇರಿಸಿ ಬಳಸಿದ್ದರೆ ಇನ್ನೂ ಅಪಾಯ: 7ರಿಂದ ಶುರುವಾಗುವ ಎಲ್ಲ ಆರ್ಡರ್‌ಗಳೂ ಸಿಗುತ್ತವೆ. ಅದು ಸೆಲೆಕ್ಟ್ ಆಗಿದ್ದರೆ ತಪ್ಪು ಪಟ್ಟಿ, ಅಪ್‌ಡೇಟ್ ಆಗಿದ್ದರೆ ತಪ್ಪು ಡೇಟಾ.

ಸ್ಟ್ರಿಂಗ್ (ಪಠ್ಯ) ವೇರಿಯಬಲ್ ಡಿಕ್ಲೇರ್ ಮಾಡುವುದನ್ನು ನಾವು ಔಪಚಾರಿಕ ಸಾಲೆಂಬಂತೆ ಬರೆದು ಮುಂದೆ ಹೋಗುತ್ತೇವೆ. ನಿಜಕ್ಕೆ ಆ ಒಂದು ಸಾಲಿನಲ್ಲಿ ಹಲವು ತೀರ್ಮಾನಗಳು ಅಡಗಿವೆ: ಯಾವ ಟೈಪ್, ಎಷ್ಟು ಉದ್ದ, ಆ ಉದ್ದವನ್ನು ಅಳೆಯುವುದು ಬೈಟ್‌ನಲ್ಲೋ ಅಕ್ಷರದಲ್ಲೋ, ಯಾವ ಕ್ಯಾರೆಕ್ಟರ್ ಸೆಟ್, ಆರಂಭದ ಬೆಲೆ ಏನು. ನಾವು ಹೇಳದೆ ಬಿಟ್ಟ ಪ್ರತಿಯೊಂದನ್ನೂ ಡೇಟಾಬೇಸ್ ತನ್ನ ನಿಯಮದಂತೆ ತುಂಬಿಕೊಳ್ಳುತ್ತದೆ. ಆ ನಿಯಮ ಒಂದು ಡೇಟಾಬೇಸ್‌ನಿಂದ ಇನ್ನೊಂದಕ್ಕೆ ಬದಲಾಗುವುದಷ್ಟೇ ಅಲ್ಲ, ಒಂದೇ ಡೇಟಾಬೇಸ್‌ನ ಒಳಗೂ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಎಸ್‌ಕ್ಯುಎಲ್ ಸರ್ವರ್‌ನಲ್ಲೇ ಟೈಪ್ ಬದಲಾಯಿಸುವ ಕ್ಯಾಸ್ಟ್ ಅಥವಾ ಕನ್ವರ್ಟ್ ಒಳಗೆ ಉದ್ದವಿಲ್ಲದ ವಾರ್‌ಚಾರ್ ಬರೆದರೆ ಅದು 1 ಅಲ್ಲ, 30. ಹಾಗಾಗಿ ಕ್ಯಾಸ್ಟ್‌ನಲ್ಲಿ ಸರಿಯಾಗಿ ನಡೆದದ್ದನ್ನು ನೋಡಿ ಅದೇ ರೂಢಿಯಲ್ಲಿ ಡಿಕ್ಲೇರ್ ಬರೆದವರು ಸಿಕ್ಕಿಬೀಳುತ್ತಾರೆ. ಕ್ಯಾಸ್ಟ್ ಕೂಡ 31ನೇ ಅಕ್ಷರ ಬರುವವರೆಗೆ ಮಾತ್ರ ಸರಿ.

ಒಂದೇ ಸಾಲು, ನಾಲ್ಕು ಡೇಟಾಬೇಸ್

ಉದ್ದವಿಲ್ಲದ ಡಿಕ್ಲರೇಷನ್‌ಗೆ ನಾಲ್ಕು ಜನಪ್ರಿಯ ಡೇಟಾಬೇಸ್‌ಗಳು ಹೇಗೆ ಸ್ಪಂದಿಸುತ್ತವೆ ಎಂದು ನೋಡಿದರೆ ಅವುಗಳ ಸ್ವಭಾವ ಅರ್ಥವಾಗುತ್ತದೆ.

ಒರಾಕಲ್‌ನ ಪಿಎಲ್/ಎಸ್‌ಕ್ಯುಎಲ್ ಇದನ್ನು ಒಪ್ಪುವುದೇ ಇಲ್ಲ. ವಾರ್‌ಚಾರ್2 ಎಂದು ಬರೆದು ಉದ್ದ ಬಿಟ್ಟರೆ ಕಂಪೈಲ್ ಆಗುವುದಿಲ್ಲ. ಉದ್ದ 1ರಿಂದ 32767ರ ನಡುವೆ ಇರಬೇಕೆಂಬ ಎರರ್ ಬರುತ್ತದೆ. ಹೆಚ್ಚು ಉದ್ದದ ಬೆಲೆಯನ್ನು ತುಂಬಲು ಹೋದರೆ ಕತ್ತರಿಸುವುದಿಲ್ಲ, ಓಆರ್‌ಎ-06502 ಎರರ್ ಎಸೆದು ನಿಲ್ಲುತ್ತದೆ. ನನಗೆ ಈ ಕಟ್ಟುನಿಟ್ಟು ಇಷ್ಟ. ತಪ್ಪು ನಡೆದ ಜಾಗದಲ್ಲೇ ನಿಂತರೆ ಅದನ್ನು ತಿದ್ದಲು ಹತ್ತು ನಿಮಿಷ ಸಾಕು. ಮೂರು ಪ್ರೊಸೀಜರ್ (ಡೇಟಾಬೇಸ್‌ನಲ್ಲೇ ಉಳಿಸಿಟ್ಟ ಕೋಡ್) ದಾಟಿ ವರದಿಯೊಂದರಲ್ಲಿ ಕಾಣಿಸಿಕೊಂಡರೆ ದಿನಗಳೇ ಬೇಕಾಗುತ್ತವೆ. ಆದರೆ ಅದೇ ಒರಾಕಲ್‌ನಲ್ಲಿ ಪ್ರೊಸೀಜರ್‌ನ ಪ್ಯಾರಾಮೀಟರ್‌ಗೆ ಉದ್ದ ಬರೆಯುವ ಹಾಗೆಯೇ ಇಲ್ಲ, ಬರೆದರೆ ಕಂಪೈಲ್ ಎರರ್. ಪ್ಯಾರಾಮೀಟರ್‌ಗೆ ಬರೀ ವಾರ್‌ಚಾರ್2, ಒಳಗಿನ ವೇರಿಯಬಲ್‌ಗೆ ಉದ್ದ ಸಮೇತ ವಾರ್‌ಚಾರ್2. ಹೊಸಬರು ಇವೆರಡನ್ನೂ ಅದಲುಬದಲು ಮಾಡುವುದು ಸಹಜ.

ಪೋಸ್ಟ್‌ಗ್ರೆಸ್‌ನ ದಾರಿ ಪೂರ್ತಿ ಬೇರೆ. ಅಲ್ಲಿ ಉದ್ದವಿಲ್ಲದ ವಾರ್‌ಚಾರ್ ಎಂದರೆ ಮಿತಿ ಇಲ್ಲ ಎಂದರ್ಥ. ಟೆಕ್ಸ್ಟ್ ಟೈಪ್‌ಗೂ ಅದಕ್ಕೂ ವ್ಯವಹಾರದಲ್ಲಿ ವ್ಯತ್ಯಾಸವಿಲ್ಲ. ಉದ್ದ ಕೊಟ್ಟರೆ ಅದನ್ನು ಅಕ್ಷರಗಳಲ್ಲಿ ಎಣಿಸುತ್ತದೆ, ಮೀರಿದರೆ ಎರರ್ ಕೊಡುತ್ತದೆ. ಹಾಗೆಂದು ನೀವೇ ಕೈಯಾರೆ ಕ್ಯಾಸ್ಟ್ ಮಾಡಿ ವಾರ್‌ಚಾರ್(5) ಎಂದರೆ ಸದ್ದಿಲ್ಲದೆ ಕತ್ತರಿಸುತ್ತದೆ. ಸ್ಪಷ್ಟವಾಗಿ ಕೇಳಿದ್ದೀರಿ, ಕೊಟ್ಟಿದ್ದೇನೆ ಎಂಬ ತರ್ಕ. ಇನ್ನೊಂದು ವಿಷಯ ಹಲವರ ಗಮನಕ್ಕೆ ಬಂದಿರುವುದಿಲ್ಲ: ಫಂಕ್ಷನ್‌ನ ಪ್ಯಾರಾಮೀಟರ್‌ನಲ್ಲಿ ವಾರ್‌ಚಾರ್(10) ಎಂದು ಬರೆದರೂ ಪೋಸ್ಟ್‌ಗ್ರೆಸ್ ಆ 10ನ್ನು ಕಡೆಗಣಿಸುತ್ತದೆ. ಅಲ್ಲಿ ಉದ್ದ ಬರೆದು ಕಾವಲು ಹಾಕಿದೆ ಅಂದುಕೊಂಡರೆ ಆ ಕಾವಲು ಇರುವುದಿಲ್ಲ. ಮಿತಿ ಬೇಕಿದ್ದರೆ ಒಳಗಿನ ವೇರಿಯಬಲ್‌ನಲ್ಲೋ ಟೇಬಲ್‌ನ ಕಾಲಂನಲ್ಲೋ ಇಡಬೇಕು.

ಮೈಎಸ್‌ಕ್ಯುಎಲ್‌ನಲ್ಲಿ ವಾರ್‌ಚಾರ್‌ಗೆ ಉದ್ದ ಕಡ್ಡಾಯ, ಇಲ್ಲದಿದ್ದರೆ ಸಿಂಟ್ಯಾಕ್ಸ್ ಎರರ್. ಡಿಕ್ಲೇರ್ ಬರುವುದು ಬಿಗಿನ್ ಮತ್ತು ಎಂಡ್ ನಡುವೆ ಮಾತ್ರ, ಅದೂ ಎಲ್ಲಕ್ಕಿಂತ ಮೊದಲು. ಕರ್ಸರ್ ಮತ್ತು ಹ್ಯಾಂಡ್ಲರ್‌ಗಳ ಸರದಿ ಆಮೇಲೆ. ಉದ್ದ ಮೀರಿದರೆ ಏನಾಗುತ್ತದೆ ಎನ್ನುವುದು ಸ್ಟ್ರಿಕ್ಟ್ ಮೋಡ್ ಮೇಲೆ ನಿಂತಿದೆ. ಮೋಡ್ ಆನ್ ಇದ್ದರೆ ಎರರ್, ಆಫ್ ಇದ್ದರೆ ಕತ್ತರಿಸಿ ಒಂದು ವಾರ್ನಿಂಗ್. 5.7ನೇ ಆವೃತ್ತಿಯಿಂದ ಸ್ಟ್ರಿಕ್ಟ್ ಮೋಡ್ ಡಿಫಾಲ್ಟ್ ಆಗಿ ಆನ್ ಇರುತ್ತದೆ. ಆದರೆ ಪ್ರೊಸೀಜರ್ ಓಡುವುದು ಅದನ್ನು ಸೃಷ್ಟಿಸಿದ ಹೊತ್ತಿಗೆ ಜಾರಿಯಲ್ಲಿದ್ದ ಮೋಡ್‌ನಲ್ಲಿ. ಹಳೆಯ ದಿನಗಳಲ್ಲಿ ಸ್ಟ್ರಿಕ್ಟ್ ಇಲ್ಲದೆ ಬರೆದ ಪ್ರೊಸೀಜರ್, ಸರ್ವರ್ ಸ್ಟ್ರಿಕ್ಟ್ ಆದ ಮೇಲೂ ಮೊದಲಿನಂತೆಯೇ ಕತ್ತರಿಸುತ್ತಿರಬಹುದು. ಅದನ್ನು ಮತ್ತೆ ಸೃಷ್ಟಿಸಿದಾಗಲೇ ಹೊಸ ಮೋಡ್ ಅನ್ವಯ.

ಇದೇ ಮೈಎಸ್‌ಕ್ಯುಎಲ್‌ನಲ್ಲಿ @ ಚಿಹ್ನೆಯಿಂದ ಶುರುವಾಗುವ ವೇರಿಯಬಲ್‌ಗಳಿಗೆ ಡಿಕ್ಲೇರ್ ಬೇಕಾಗಿಲ್ಲ. ಅವು ಸೆಷನ್ ಮುಗಿಯುವವರೆಗೂ ಬದುಕಿರುತ್ತವೆ, ಟೈಪ್ ಕೊಟ್ಟ ಬೆಲೆಯ ಪ್ರಕಾರ ನಿರ್ಧಾರವಾಗುತ್ತದೆ. ಎಸ್‌ಕ್ಯುಎಲ್ ಸರ್ವರ್‌ನಿಂದ ಬಂದವರು ಎರಡೂ ಕಡೆ @ ನೋಡಿ ಒಂದೇ ಎಂದುಕೊಳ್ಳುತ್ತಾರೆ. ಎಸ್‌ಕ್ಯುಎಲ್ ಸರ್ವರ್‌ನಲ್ಲಿ @ ವೇರಿಯಬಲ್ ಒಂದು ಬ್ಯಾಚ್‌ಗೆ ಮಾತ್ರ ಸೀಮಿತ, ಬ್ಯಾಚ್ ಮುಗಿಸುವ ಗೋ ಸಾಲು ಬಂದ ತಕ್ಷಣ ಅದರ ಆಯುಷ್ಯ ಮುಗಿಯಿತು. ಮೈಎಸ್‌ಕ್ಯುಎಲ್‌ನಲ್ಲಿ ಹಿಂದಿನ ಪ್ರೊಸೀಜರ್ ಬಿಟ್ಟುಹೋದ ಬೆಲೆ ಮುಂದಿನದರಲ್ಲಿ ಎದುರಾಗಬಹುದು. ಪ್ರೊಸೀಜರ್ ಒಳಗಿನ ಕೆಲಸಕ್ಕೆ ಡಿಕ್ಲೇರ್ ಮಾಡಿದ ಲೋಕಲ್ ವೇರಿಯಬಲ್ಲೇ ಸರಿ.

ಚಾರ್ (ಉದ್ದ ಬದಲಾಗದ ಪಠ್ಯದ ಟೈಪ್) ವಿಷಯದಲ್ಲಿ ಮಾತ್ರ ಹೆಚ್ಚುಕಡಿಮೆ ಎಲ್ಲರೂ ಒಂದೇ: ಉದ್ದ ಬರೆಯದ ಚಾರ್ ಎಂದರೆ ಒಂದೇ ಅಕ್ಷರ. ಎಸ್‌ಕ್ಯುಎಲ್ ಸರ್ವರ್‌ನ ಕ್ಯಾಸ್ಟ್‌ನಲ್ಲಿ ಅದೂ 30.

ಉದ್ದ ಎಂದರೆ ಯಾವುದರ ಉದ್ದ

ಕನ್ನಡದಲ್ಲಿ ಡೇಟಾ ಇಡುವವರಿಗೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಬೈಟ್, ಕ್ಯಾರೆಕ್ಟರ್, ಕಣ್ಣಿಗೆ ಕಾಣುವ ಅಕ್ಷರ ಮೂರೂ ಸಾಮಾನ್ಯವಾಗಿ ಒಂದೇ ಸಂಖ್ಯೆ. ಹಾಗಾಗಿ ಆ ಭಾಷೆಯ ಉದಾಹರಣೆಗಳಿಂದ ಕಲಿತವರಿಗೆ ಅವು ಬೇರೆ ಬೇರೆ ಎನ್ನುವ ಅರಿವೇ ಬರುವುದಿಲ್ಲ.

'ವಿಜ್ಞಾನ' ಎಂಬ ಸ್ಟ್ರಿಂಗ್ ತೆಗೆದುಕೊಳ್ಳಿ. ಓದುವಾಗ ಮೂರು ಅಕ್ಷರ: ವಿ, ಜ್ಞಾ, ನ. ಯೂನಿಕೋಡ್ ಲೆಕ್ಕದಲ್ಲಿ ಏಳು: ವ, ಗುಡಿಸು, ಜ, ಹಲಂತದ ಚಿಹ್ನೆ, ಞ, ದೀರ್ಘದ ಚಿಹ್ನೆ, ನ. ಕನ್ನಡದ ಇಂಥ ಪ್ರತಿ ಘಟಕ (ಕೋಡ್ ಪಾಯಿಂಟ್) ಯುಟಿಎಫ್-8ರಲ್ಲಿ 3 ಬೈಟ್ ತೆಗೆದುಕೊಳ್ಳುತ್ತದೆ, ಆದ್ದರಿಂದ ಒಟ್ಟು 21 ಬೈಟ್. ಯುಟಿಎಫ್-16ರಲ್ಲಿ ತಲಾ 2 ಬೈಟ್, ಒಟ್ಟು 14.

ಈಗ ಒರಾಕಲ್‌ನಲ್ಲಿ ವಾರ್‌ಚಾರ್2(20) ಎಂದು ಡಿಕ್ಲೇರ್ ಮಾಡಿ ಈ ಮೂರಕ್ಷರದ ಪದವನ್ನು ತುಂಬಿ ನೋಡಿ. ಡೇಟಾಬೇಸ್ ಯುಟಿಎಫ್-8 ಕ್ಯಾರೆಕ್ಟರ್ ಸೆಟ್‌ನಲ್ಲಿದ್ದು, ಡಿಫಾಲ್ಟ್ ಸೆಟ್ಟಿಂಗ್ ಬದಲಾಯಿಸದೆ ಇದ್ದರೆ ಎರರ್ ಬರುತ್ತದೆ. ಏಕೆಂದರೆ ಅಲ್ಲಿ 20 ಎಂದರೆ 20 ಬೈಟ್, ನಮಗೆ ಬೇಕಾದದ್ದು 21. ಪರಿಹಾರ ಡಿಕ್ಲರೇಷನ್‌ನಲ್ಲೇ ಇದೆ: ವಾರ್‌ಚಾರ್2(20 ಚಾರ್) ಎಂದು ಬರೆದರೆ 20 ಕ್ಯಾರೆಕ್ಟರ್ ಎಂದಾಗುತ್ತದೆ. ಸೆಷನ್‌ನ ಲೆಂತ್ ಸೆಮ್ಯಾಂಟಿಕ್ಸ್ ಸೆಟ್ಟಿಂಗ್ ಬದಲಾಯಿಸಿಯೂ ಇದನ್ನು ಸಾಧಿಸಬಹುದು. ಆದರೆ ಕೋಡ್ ಯಾವ ಸೆಷನ್‌ನಲ್ಲಿ ಕಂಪೈಲ್ ಆಯಿತು ಎನ್ನುವುದರ ಮೇಲೆ ಅರ್ಥ ಬದಲಾಗುವ ಡಿಕ್ಲರೇಷನ್ ಯಾರಿಗೂ ಬೇಡ. ಬೈಟ್ ಅಥವಾ ಚಾರ್ ಎಂದು ಅಲ್ಲೇ ಬರೆದುಬಿಡುವುದು ಒಳ್ಳೆಯದು.

ಎಸ್‌ಕ್ಯುಎಲ್ ಸರ್ವರ್‌ನಲ್ಲಿ ವಾರ್‌ಚಾರ್(20) ಎಂದರೂ 20 ಬೈಟ್‌ಗಳೇ. 2019ರ ಆವೃತ್ತಿಯಲ್ಲಿ ಯುಟಿಎಫ್-8 ಕೊಲೇಶನ್ (ಅಕ್ಷರಗಳ ಸಂಕೇತ ಮತ್ತು ಹೋಲಿಕೆಯ ನಿಯಮ) ಬರುವ ಮೊದಲು, ಒಂದು ಬೈಟ್‌ಗೆ ಒಂದು ಅಕ್ಷರವೆನ್ನುವ ಭಾಷೆಗಳವರಿಗೆ ಇದು ಗೊತ್ತಾಗುತ್ತಲೇ ಇರಲಿಲ್ಲ. ಈಗ ಯುಟಿಎಫ್-8 ಕೊಲೇಶನ್ ಇರುವ ಡೇಟಾಬೇಸ್‌ನಲ್ಲಿ ಕನ್ನಡ ಪಠ್ಯಕ್ಕೆ ವಾರ್‌ಚಾರ್ ಬಳಸುವುದಾದರೆ ಬೇಕಾದ ಕ್ಯಾರೆಕ್ಟರ್‌ಗಳ ಮೂರು ಪಟ್ಟು ಉದ್ದ ಇಡಬೇಕು. ಯೂನಿಕೋಡ್ ಪಠ್ಯದ ಟೈಪ್ ಆದ ಎನ್‌ವಾರ್‌ಚಾರ್‌ನಲ್ಲಿ ಬರೆಯುವ ಸಂಖ್ಯೆ ಎರಡು ಬೈಟ್‌ಗಳ ಜೋಡಿಗಳ ಲೆಕ್ಕ. ಕನ್ನಡದ ಪ್ರತಿ ಕೋಡ್ ಪಾಯಿಂಟ್‌ಗೆ ಒಂದು ಜೋಡಿ ಸಾಕು, ಇಮೋಜಿಗೆ ಎರಡು ಬೇಕು. ವಾರ್‌ಚಾರ್‌ಗೆ ಗರಿಷ್ಠ 8000, ಎನ್‌ವಾರ್‌ಚಾರ್‌ಗೆ 4000. ಅದಕ್ಕೂ ಮೀರಿದರೆ ಮ್ಯಾಕ್ಸ್ ಎಂದು ಬರೆಯಬೇಕು, ಆಗ ಮಿತಿ 2 ಜಿಬಿ.

ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯುಎಲ್ ಕ್ಯಾರೆಕ್ಟರ್ ಲೆಕ್ಕ ಹಿಡಿಯುತ್ತವೆ, ಹಾಗಾಗಿ ಅಲ್ಲಿ ವಾರ್‌ಚಾರ್(7) ಸಾಕು. ಆದರೂ ಕ್ಯಾರೆಕ್ಟರ್ ಎಂದರೆ ಕೋಡ್ ಪಾಯಿಂಟ್, ನಾವು ಓದುವ ಅಕ್ಷರವಲ್ಲ. ಉದ್ದ 4 ಇಟ್ಟು ಕತ್ತರಿಸಿದರೆ 'ವಿಜ್ಞಾನ' ಹೋಗಿ 'ವಿಜ್' ಉಳಿಯುತ್ತದೆ, ಒತ್ತಕ್ಷರ ಕಳಚಿಕೊಂಡು ಬೇರೆಯೇ ಉಚ್ಚಾರ. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಆರು ಕೋಡ್ ಪಾಯಿಂಟ್ ಬೇಕು. 'ಸಾಫ್ಟ್‌ವೇರ್' ಎಂದು ಬರೆಯುವಾಗ ಟ ಮತ್ತು ವ ಕೂಡಿಕೊಳ್ಳದಂತೆ ನಡುವೆ ಹಾಕುವ, ಕಣ್ಣಿಗೆ ಕಾಣದ ಕ್ಯಾರೆಕ್ಟರ್ ಕೂಡ ಉದ್ದಕ್ಕೆ ಸೇರುತ್ತದೆ. ಫಾರ್ಮ್‌ನಲ್ಲಿ ಹೆಸರಿಗೆ 20 ಅಕ್ಷರ ಸಾಕು ಎಂದು ಅಂದಾಜು ಮಾಡುವವರು ಕಾಗದದ ಮೇಲೆ ಎಣಿಸಿದ ಸಂಖ್ಯೆಯನ್ನೇ ಡಿಕ್ಲರೇಷನ್‌ಗೆ ಬರೆದರೆ ಕನ್ನಡದ ಹೆಸರುಗಳು ಅರ್ಧಕ್ಕೇ ನಿಲ್ಲುತ್ತವೆ.

ಮೈಎಸ್‌ಕ್ಯುಎಲ್‌ನಲ್ಲಿ ಇನ್ನೊಂದು ಎಚ್ಚರ. ಅದರ ಲೆಂತ್ ಫಂಕ್ಷನ್ ಬೈಟ್ ಎಣಿಸುತ್ತದೆ, 'ವಿಜ್ಞಾನ'ಕ್ಕೆ 21 ಎನ್ನುತ್ತದೆ. ಕ್ಯಾರೆಕ್ಟರ್ ಬೇಕಿದ್ದರೆ ಚಾರ್_ಲೆಂತ್ ಕರೆಯಬೇಕು. ಒರಾಕಲ್ ಮತ್ತು ಪೋಸ್ಟ್‌ಗ್ರೆಸ್‌ಗಳ ಲೆಂತ್ 7 ಎನ್ನುತ್ತದೆ. ಎಸ್‌ಕ್ಯುಎಲ್ ಸರ್ವರ್‌ನ ಲೆನ್ ಕೂಡ ಎನ್‌ವಾರ್‌ಚಾರ್‌ಗೆ 7 ಎನ್ನುತ್ತದೆ, ಆದರೆ ಕೊನೆಯ ಖಾಲಿ ಜಾಗಗಳನ್ನು ಎಣಿಸುವುದಿಲ್ಲ. ನಿಜಕ್ಕೂ ಏನು ಶೇಖರವಾಗಿದೆ ಎಂದು ಪರೀಕ್ಷಿಸುವಾಗ ಡೇಟಾಲೆಂತ್ ನಂಬಿ.

ಪ್ರಶ್ನಾರ್ಥಕ ಚಿಹ್ನೆಗಳ ಸಾಲು

ಟೈಪ್ ಸರಿಯಾಗಿ ಕೊಟ್ಟ ಮೇಲೂ ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಕನ್ನಡ ಕಳೆದುಹೋಗುವ ಜಾಗ ಒಂದಿದೆ.

ಡಿಕ್ಲೇರ್ @ವಿಷಯ ಎನ್‌ವಾರ್‌ಚಾರ್(50) = 'ವಿಜ್ಞಾನ';

ವೇರಿಯಬಲ್ ಯೂನಿಕೋಡ್ ಟೈಪ್‌ನದ್ದೇ, ಉದ್ದವೂ ಧಾರಾಳ. ಆದರೂ ಡೇಟಾಬೇಸ್‌ನ ಕೊಲೇಶನ್ ಯುಟಿಎಫ್-8 ಅಲ್ಲದಿದ್ದರೆ ಅದರಲ್ಲಿ ಕೂರುವುದು ಏಳು ಪ್ರಶ್ನಾರ್ಥಕ ಚಿಹ್ನೆಗಳು. ಸಿಂಗಲ್ ಕೋಟ್ ಒಳಗಿನ ಬೆಲೆಗೆ ತನ್ನದೇ ಟೈಪ್ ಇದೆ, ಮುಂದೆ ಏನೂ ಬರೆಯದಿದ್ದರೆ ಅದು ವಾರ್‌ಚಾರ್. ವೇರಿಯಬಲ್‌ಗೆ ತಲುಪುವ ಮೊದಲೇ ಅದು ಡೇಟಾಬೇಸ್‌ನ ಕೋಡ್ ಪೇಜ್‌ಗೆ ಪರಿವರ್ತನೆಯಾಗುತ್ತದೆ. ಆ ಕೋಡ್ ಪೇಜ್‌ಗಳಲ್ಲಿ ಕನ್ನಡಕ್ಕೆ ಜಾಗ ಇಲ್ಲ. ಕೋಟ್‌ನ ಮುಂದೆ ದೊಡ್ಡಕ್ಷರದ ಎನ್ ಹಾಕಿದರೆ ಮಾತ್ರ ಆ ಬೆಲೆ ಯೂನಿಕೋಡ್ ಆಗಿ ಉಳಿಯುತ್ತದೆ:

ಡಿಕ್ಲೇರ್ @ವಿಷಯ ಎನ್‌ವಾರ್‌ಚಾರ್(50) = ಎನ್'ವಿಜ್ಞಾನ';

ಒಮ್ಮೆ ಪ್ರಶ್ನಾರ್ಥಕವಾಗಿ ಟೇಬಲ್ ಸೇರಿದ ಪಠ್ಯವನ್ನು ಯಾವ ಪರಿವರ್ತನೆಯೂ ವಾಪಸ್ ತರಲಾರದು. ಅಲ್ಲಿ ಉಳಿದಿರುವುದು ನಿಜವಾಗಿಯೂ ಪ್ರಶ್ನಾರ್ಥಕ ಚಿಹ್ನೆಗಳೇ. ಹಾಗೆಯೇ, ಎಸ್‌ಕ್ಯುಎಲ್ ಸರ್ವರ್‌ನ ವೇರಿಯಬಲ್ ಯಾವತ್ತೂ ಡೇಟಾಬೇಸ್‌ನ ಡಿಫಾಲ್ಟ್ ಕೊಲೇಶನ್ ಹಿಡಿಯುತ್ತದೆ, ನೀವು ಓದುತ್ತಿರುವ ಕಾಲಂನದ್ದಲ್ಲ. ಕಾಲಂ ಒಂದಕ್ಕೆ ಮಾತ್ರ ಯುಟಿಎಫ್-8 ಕೊಲೇಶನ್ ಕೊಟ್ಟು, ಅದರ ಬೆಲೆಯನ್ನು ಸಾದಾ ವಾರ್‌ಚಾರ್ ವೇರಿಯಬಲ್‌ಗೆ ಎತ್ತಿಕೊಂಡರೆ ಅಲ್ಲೇ ಕನ್ನಡ ಕೆಡುತ್ತದೆ.

ಮೈಎಸ್‌ಕ್ಯುಎಲ್‌ನಲ್ಲಿ ಲೋಕಲ್ ವೇರಿಯಬಲ್‌ಗೆ ಕ್ಯಾರೆಕ್ಟರ್ ಸೆಟ್ ಬರೆಯದಿದ್ದರೆ, ಪ್ರೊಸೀಜರ್ ಸೃಷ್ಟಿಯಾದಾಗ ಡೇಟಾಬೇಸ್‌ಗೆ ಇದ್ದ ಸೆಟ್ ಅದಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಿ ಹಳೆಯ ಯುಟಿಎಫ್8 ಎಂಬ ಹೆಸರು ಮೂರು ಬೈಟ್‌ವರೆಗಿನ ಅಕ್ಷರಗಳನ್ನು ಮಾತ್ರ ಹಿಡಿಯುತ್ತದೆ. ಕನ್ನಡ ಅದರಲ್ಲಿ ಸರಿಯಾಗಿ ಕೂರುತ್ತದೆ, ಇಮೋಜಿ ಬಂದಾಗ ಎರರ್. 8.0ರಿಂದ ಡಿಫಾಲ್ಟ್ ಆಗಿರುವ ಯುಟಿಎಫ್8ಎಂಬಿ4 ಸೆಟ್ ನಾಲ್ಕು ಬೈಟ್‌ನವನ್ನೂ ಹಿಡಿಯುತ್ತದೆ. ಕನ್ನಡ ಸರಿಯಾಗಿ ಬಂತೆಂದು ಪರೀಕ್ಷೆ ಮುಗಿಸಿದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಕಾಲಂ ಏನೋ ವೇರಿಯಬಲ್ಲೂ ಅದೇ

ಇಷ್ಟೆಲ್ಲ ನಿಯಮ ನೆನಪಿಡುವುದಕ್ಕಿಂತ ಒಂದೇ ರೂಢಿ ಹೆಚ್ಚು ಕಾಪಾಡುತ್ತದೆ: ವೇರಿಯಬಲ್ ಯಾವ ಕಾಲಂನ ಬೆಲೆಯನ್ನು ಹೊರುತ್ತದೋ ಆ ಕಾಲಂನ ಟೈಪ್ ಮತ್ತು ಉದ್ದವನ್ನೇ ಅದಕ್ಕೂ ಕೊಡಿ. ಒರಾಕಲ್ ಮತ್ತು ಪೋಸ್ಟ್‌ಗ್ರೆಸ್‌ನಲ್ಲಿ ಇದನ್ನು ಡೇಟಾಬೇಸೇ ಮಾಡಿಕೊಡುತ್ತದೆ. ಟೈಪ್ ಬರೆಯುವ ಜಾಗದಲ್ಲಿ 'ಗ್ರಾಹಕರು.ಹೆಸರು%ಟೈಪ್' ಎಂದು ಬರೆದರೆ ಸಾಕು. ಒರಾಕಲ್‌ನಲ್ಲಿ ನಾಳೆ ಕಾಲಂ 50ರಿಂದ 120ಕ್ಕೆ ಹಿಗ್ಗಿದರೆ, ಪ್ರೊಸೀಜರ್ ಮತ್ತೆ ಕಂಪೈಲ್ ಆದಾಗ ವೇರಿಯಬಲ್ಲೂ ಹಿಗ್ಗುತ್ತದೆ. ಎಸ್‌ಕ್ಯುಎಲ್ ಸರ್ವರ್ ಮತ್ತು ಮೈಎಸ್‌ಕ್ಯುಎಲ್‌ನಲ್ಲಿ ಈ ಸೌಲಭ್ಯ ಇಲ್ಲ, ಅಲ್ಲಿ ಕೈಯಿಂದಲೇ ಹೊಂದಿಸಬೇಕು. ಈ ಕೊರತೆ ನನ್ನ ಮಟ್ಟಿಗೆ ಅವೆರಡರ ದೊಡ್ಡ ದೌರ್ಬಲ್ಯ.

ಟೈಪ್ ಹೊಂದದಿದ್ದರೆ ಆಗುವ ನಷ್ಟ ಬರೀ ಅಕ್ಷರಗಳದ್ದಲ್ಲ. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಕಾಲಂ ವಾರ್‌ಚಾರ್ ಆಗಿದ್ದು ವೇರಿಯಬಲ್ ಎನ್‌ವಾರ್‌ಚಾರ್ ಆಗಿದೆ ಎನ್ನೋಣ. ಎರಡನ್ನೂ ಹೋಲಿಸಬೇಕಾದರೆ ಒಂದು ಬದಿ ಬದಲಾಗಲೇಬೇಕು. ಎನ್‌ವಾರ್‌ಚಾರ್‌ನ ಪ್ರಾಶಸ್ತ್ಯ ಹೆಚ್ಚು, ಆದ್ದರಿಂದ ಬದಲಾಗುವುದು ಕಾಲಂ. ಕಾಲಂನ ಕೊಲೇಶನ್ ಹೆಸರು ಎಸ್‌ಕ್ಯುಎಲ್_ ಎಂದು ಶುರುವಾಗುವ ಹಳೆಯ ಬಗೆಯದ್ದಾದರೆ, ಇಂಡೆಕ್ಸ್‌ನಲ್ಲಿ ನೇರ ಜಾಗಕ್ಕೆ ಹೋಗುವ ಬದಲು ಪೂರ್ತಿ ಇಂಡೆಕ್ಸನ್ನೇ ಓದಿ, ಪ್ರತಿ ಬೆಲೆಯನ್ನೂ ಪರಿವರ್ತಿಸಿ ಹೋಲಿಸುತ್ತದೆ. ಉತ್ತರ ಸರಿಯಾಗಿಯೇ ಬರುತ್ತದೆ, ಲಕ್ಷಾಂತರ ರೋಗಳಿದ್ದರೆ ನಿಧಾನವಾಗಿ ಬರುತ್ತದೆ. ವಿಂಡೋಸ್ ಬಗೆಯ ಕೊಲೇಶನ್‌ನಲ್ಲಿ ಇಂಡೆಕ್ಸ್ ಕೆಲಸಕ್ಕೆ ಬರುತ್ತದೆ, ಸ್ವಲ್ಪ ಹೆಚ್ಚುವರಿ ಶ್ರಮದೊಂದಿಗೆ. ಎಕ್ಸಿಕ್ಯೂಷನ್ ಪ್ಲಾನ್‌ನಲ್ಲಿ (ಕ್ವೆರಿ ಹೇಗೆ ಓಡುತ್ತದೆ ಎಂಬ ನಕ್ಷೆ) ಇಂಪ್ಲಿಸಿಟ್ ಕನ್ವರ್ಟ್ (ತಾನಾಗಿ ಆಗುವ ಪರಿವರ್ತನೆ) ಕಂಡರೆ, ಅದು ಕಾಲಂನ ಸುತ್ತ ಇದೆಯೋ ವೇರಿಯಬಲ್‌ನ ಸುತ್ತ ಇದೆಯೋ ನೋಡಿ. ವೇರಿಯಬಲ್‌ನ ಸುತ್ತ ಇದ್ದರೆ ಚಿಂತೆ ಇಲ್ಲ.

ಪ್ರೊಸೀಜರ್ ಬರೆಯದೆ ಅಪ್ಲಿಕೇಶನ್‌ನಿಂದಲೇ ಕ್ವೆರಿ ಕಳಿಸುವವರಿಗೂ ಇದು ತಪ್ಪಿದ್ದಲ್ಲ. ಡಾಟ್‌ನೆಟ್‌ನ ಆಡ್‌ವಿತ್‌ವ್ಯಾಲ್ಯೂ ಸ್ಟ್ರಿಂಗನ್ನು ಎನ್‌ವಾರ್‌ಚಾರ್ ಆಗಿ, ಆ ಬೆಲೆಯ ಉದ್ದವನ್ನೇ ಉದ್ದವಾಗಿಟ್ಟು ಕಳಿಸುತ್ತದೆ. ಮೈಕ್ರೋಸಾಫ್ಟ್‌ನ ಜೆಡಿಬಿಸಿ ಡ್ರೈವರ್ ಕೂಡ ಡಿಫಾಲ್ಟ್ ಆಗಿ ಯೂನಿಕೋಡ್ ಆಗಿಯೇ ಕಳಿಸುತ್ತದೆ. ಅಲ್ಲಿ ಪ್ಯಾರಾಮೀಟರ್‌ಗೆ ಟೈಪ್ ಮತ್ತು ಉದ್ದ ಬರೆಯುವುದೇ ಡಿಕ್ಲರೇಷನ್.

ಚಾರ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಉದ್ದ ಬದಲಾಗುವ ಪಠ್ಯಕ್ಕೆ ಚಾರ್ ವೇರಿಯಬಲ್ ಬಳಸಬೇಡಿ. ಚಾರ್(10)ಗೆ ಮೂರು ಅಕ್ಷರ ಕೊಟ್ಟರೆ ಉಳಿದ ಏಳು ಜಾಗ ಸ್ಪೇಸ್‌ಗಳಿಂದ ತುಂಬುತ್ತದೆ. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಸಮ ಚಿಹ್ನೆಯ ಹೋಲಿಕೆ ಆ ಸ್ಪೇಸ್‌ಗಳನ್ನು ಲೆಕ್ಕಿಸುವುದಿಲ್ಲ, ಆದರೆ ಲೈಕ್‌ಗೆ ಶೇಕಡಾ ಚಿಹ್ನೆ ಸೇರಿಸಿದಾಗ ಅವು ಮಾದರಿಯ ನಡುವೆ ಸಿಕ್ಕಿಕೊಂಡು ಏನೂ ಹೊಂದುವುದಿಲ್ಲ. ಒರಾಕಲ್‌ನಲ್ಲಿ ಚಾರ್ ವೇರಿಯಬಲ್ಲನ್ನು ವಾರ್‌ಚಾರ್2 ಕಾಲಂಗೆ ಹೋಲಿಸಿದರೆ ಸಮ ಚಿಹ್ನೆಯೇ ಸೋಲುತ್ತದೆ.

ಹಾಗಾದರೆ ತಲೆನೋವೇ ಬೇಡ, ಎಲ್ಲದಕ್ಕೂ ಮ್ಯಾಕ್ಸ್ ಇಡೋಣ ಎನ್ನುವವರಿದ್ದಾರೆ. ಎಲ್ಲದಕ್ಕೂ 255 ಬರೆಯುವವರು ಅವರಿಗಿಂತ ಹೆಚ್ಚು. ನಾನು ಎರಡನ್ನೂ ಒಪ್ಪುವುದಿಲ್ಲ. ಕಾಲಂ 15 ಕ್ಯಾರೆಕ್ಟರ್‌ನದ್ದಾಗಿದ್ದು ವೇರಿಯಬಲ್ ಮ್ಯಾಕ್ಸ್ ಆಗಿದ್ದರೆ, ತಪ್ಪಾಗಿ ಬಂದ 3000 ಕ್ಯಾರೆಕ್ಟರ್‌ನ ಬೆಲೆ ಅರ್ಧ ಪ್ರೊಸೀಜರ್ ದಾಟಿ, ಎರಡು ಟೇಬಲ್ ಬದಲಾಯಿಸಿ, ಕೊನೆಯ ಇನ್ಸರ್ಟ್‌ನಲ್ಲಿ ಬೀಳುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಮಾತ್ರ ಟೆಕ್ಸ್ಟ್ ಬಳಸಿ ಮಿತಿಯನ್ನು ಟೇಬಲ್‌ನಲ್ಲಿ ಚೆಕ್ ಕನ್‌ಸ್ಟ್ರೇಂಟ್ ಆಗಿ ಇಡುವ ಪದ್ಧತಿಗೆ ಅರ್ಥವಿದೆ. ಅಲ್ಲಿನ ಇಡೀ ವಿನ್ಯಾಸವೇ ಅದಕ್ಕೆ ಒಗ್ಗುತ್ತದೆ.

ಒಂದೇ ಹೆಸರಿನ ಎರಡು ವಸ್ತು

ಎಸ್‌ಕ್ಯುಎಲ್ ಸರ್ವರ್ ಬಿಟ್ಟು ಉಳಿದ ಮೂರರಲ್ಲೂ ಲೋಕಲ್ ವೇರಿಯಬಲ್‌ಗೆ @ ಇಲ್ಲ. ಆಗ ವೇರಿಯಬಲ್‌ಗೂ ಕಾಲಂಗೂ ಒಂದೇ ಹೆಸರು ಬೀಳುವ ಸಾಧ್ಯತೆ ಇದೆ. ಸ್ಟೇಟಸ್ ಎಂಬ ವೇರಿಯಬಲ್ ಡಿಕ್ಲೇರ್ ಮಾಡಿ ಹೀಗೆ ಬರೆದರೆ?

ಡಿಲೀಟ್ ಫ್ರಮ್ ಆರ್ಡರ್_ಪಟ್ಟಿ ವೇರ್ ಸ್ಟೇಟಸ್ = ಸ್ಟೇಟಸ್;

ಮೈಎಸ್‌ಕ್ಯುಎಲ್ ಎರಡನ್ನೂ ವೇರಿಯಬಲ್ ಎಂದು ಓದುತ್ತದೆ. ವೇರಿಯಬಲ್ ನಲ್ (ಬೆಲೆಯೇ ಇಲ್ಲದ ಸ್ಥಿತಿ) ಅಲ್ಲದಿದ್ದರೆ ಷರತ್ತು ಎಲ್ಲ ರೋಗಳಿಗೂ ನಿಜ, ಟೇಬಲ್ ಖಾಲಿ. ಒರಾಕಲ್ ಎರಡನ್ನೂ ಕಾಲಂ ಎಂದು ಓದುತ್ತದೆ. ಸ್ಟೇಟಸ್ ನಲ್ ಆಗಿರುವ ರೋಗಳನ್ನು ಬಿಟ್ಟು ಉಳಿದದ್ದೆಲ್ಲ ಹೋಗುತ್ತದೆ. ಪೋಸ್ಟ್‌ಗ್ರೆಸ್ ಡಿಫಾಲ್ಟ್ ಆಗಿ ಹೆಸರು ಅಸ್ಪಷ್ಟವೆಂದು ಎರರ್ ಕೊಟ್ಟು ನಿಲ್ಲುತ್ತದೆ, ಅದೇ ಸರಿ. ಪ್ಯಾರಾಮೀಟರ್‌ಗೆ ಪಿ_, ವೇರಿಯಬಲ್‌ಗೆ ವಿ_ ಎಂದು ಮುಂದೆ ಸೇರಿಸುವ ಪದ್ಧತಿ ಬರೀ ಶೈಲಿಯ ವಿಷಯ ಎಂದುಕೊಂಡವರು ಈ ಒಂದು ಸಾಲನ್ನು ನೋಡಬೇಕು.

ಉದ್ದನೆಯ ಸ್ಟ್ರಿಂಗ್, ಒಳಗಿನ ಕೋಟ್

ಡೈನಮಿಕ್ ಎಸ್‌ಕ್ಯುಎಲ್ ಬರೆಯುವಾಗ ಕ್ವೆರಿಯೇ ಒಂದು ಸ್ಟ್ರಿಂಗ್ ವೇರಿಯಬಲ್. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಅದಕ್ಕೆ ಎನ್‌ವಾರ್‌ಚಾರ್(ಮ್ಯಾಕ್ಸ್) ಇಡುತ್ತೇವೆ, ಆದರೂ ಕ್ವೆರಿ 4000ಕ್ಕೆ ಕತ್ತರಿಸಿ ಬರುತ್ತದೆ. ಕಾರಣ ಇದು: ಕೂಡಿಸುವ ಲೆಕ್ಕ ನಡೆಯುವುದು ಸಮ ಚಿಹ್ನೆಯ ಬಲಬದಿಯಲ್ಲಿ, ಅಲ್ಲಿನ ತುಂಡುಗಳ ಟೈಪ್ ಪ್ರಕಾರ. ತುಂಡುಗಳೆಲ್ಲ ಸಾಮಾನ್ಯ ಎನ್‌ವಾರ್‌ಚಾರ್ ಆಗಿದ್ದರೆ ಮೊತ್ತ 4000 ದಾಟಲಾರದು. ಎಡಬದಿಯ ವೇರಿಯಬಲ್ ಎಷ್ಟೇ ದೊಡ್ಡದಿದ್ದರೂ ಅದಕ್ಕೆ ತಲುಪುವುದು ಕತ್ತರಿಸಿದ ಫಲಿತಾಂಶ. ಮೊದಲ ತುಂಡನ್ನೇ ಎನ್‌ವಾರ್‌ಚಾರ್(ಮ್ಯಾಕ್ಸ್)ಗೆ ಕ್ಯಾಸ್ಟ್ ಮಾಡಿ, ಅಥವಾ ವೇರಿಯಬಲ್‌ಗೆ ಎನ್'' ಕೊಟ್ಟು ಆಮೇಲೆ ಅದಕ್ಕೇ ಒಂದೊಂದಾಗಿ ಸೇರಿಸುತ್ತಾ ಹೋಗಿ.

ಕತ್ತರಿಸಿದ ಕ್ವೆರಿ ಸಿಂಟ್ಯಾಕ್ಸ್ ಎರರ್ ಕೊಟ್ಟರೆ ಅದೃಷ್ಟ. ಅಪ್‌ಡೇಟ್ ಒಂದು ವೇರ್ ಪದಕ್ಕೆ ಸರಿಯಾಗಿ ಮೊದಲು ಕತ್ತರಿಸಿಹೋದರೆ ಅದು ನಿಯಮಬದ್ಧ ಕ್ವೆರಿಯಾಗಿಯೇ ಉಳಿದು ಇಡೀ ಟೇಬಲ್ ಮೇಲೆ ಓಡುತ್ತದೆ. ಪ್ರಿಂಟ್ ಹಾಕಿ ಪರೀಕ್ಷಿಸುವವರಿಗೆ ಇನ್ನೊಂದು ಗೊಂದಲ: ಪ್ರಿಂಟ್ ಯೂನಿಕೋಡ್ ಪಠ್ಯದ ಮೊದಲ 4000 ಕ್ಯಾರೆಕ್ಟರ್ ಮಾತ್ರ ತೋರಿಸುತ್ತದೆ. ವೇರಿಯಬಲ್ ಪೂರ್ತಿ ಇದ್ದರೂ ಕತ್ತರಿಸಿದಂತೆ ಕಾಣುತ್ತದೆ. ಡೇಟಾಲೆಂತ್ ಕೇಳಿದರೆ ನಿಜ ತಿಳಿಯುತ್ತದೆ.

ಬೆಲೆಯೊಳಗೆ ಸಿಂಗಲ್ ಕೋಟ್ ಬಂದರೆ ಅದನ್ನು ಎರಡು ಸಲ ಬರೆಯಬೇಕು: 'ಡಿ''ಸೋಜಾ'. ಡಬಲ್ ಕೋಟ್ ಎಸ್‌ಕ್ಯುಎಲ್ ಮಾನದಂಡದ ಪ್ರಕಾರ ಕಾಲಂ ಮತ್ತು ಟೇಬಲ್ ಹೆಸರುಗಳಿಗೆ ಮೀಸಲು. ಮೈಎಸ್‌ಕ್ಯುಎಲ್ ಡಿಫಾಲ್ಟ್ ಆಗಿ ಅದನ್ನೂ ಸ್ಟ್ರಿಂಗ್ ಎಂದು ಸ್ವೀಕರಿಸುತ್ತದೆ, ಅದೇ ಕೋಡ್ ಪೋಸ್ಟ್‌ಗ್ರೆಸ್‌ಗೆ ಹೋದರೆ ಅಂಥ ಕಾಲಂ ಇಲ್ಲ ಎನ್ನುತ್ತದೆ. ಬಳಕೆದಾರರು ಕೊಟ್ಟ ಬೆಲೆಯನ್ನು ಮಾತ್ರ ಕೋಟ್ ದ್ವಿಗುಣಗೊಳಿಸಿ ಕ್ವೆರಿಗೆ ಅಂಟಿಸಬೇಡಿ. ಬೆಲೆಯ ವೇಷದಲ್ಲಿ ಕ್ವೆರಿಯೊಳಗೆ ಕೋಡ್ ನುಗ್ಗಿಸುವ ಎಸ್‌ಕ್ಯುಎಲ್ ಇಂಜೆಕ್ಷನ್ ದಾಳಿಗೆ ಬಾಗಿಲು ತೆರೆಯುವುದು ಇಂಥ ಅಂಟಿಸುವಿಕೆಯೇ. ಎಸ್‌ಪಿ_ಎಕ್ಸಿಕ್ಯೂಟ್‌ಎಸ್‌ಕ್ಯುಎಲ್‌ನ ಪ್ಯಾರಾಮೀಟರ್, ಒರಾಕಲ್ ಮತ್ತು ಪೋಸ್ಟ್‌ಗ್ರೆಸ್‌ನ ಯೂಸಿಂಗ್, ಮೈಎಸ್‌ಕ್ಯುಎಲ್‌ನ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಇರುವುದು ಇದಕ್ಕಾಗಿಯೇ.

ಬೆಲೆ ಕೊಡದೆ ಡಿಕ್ಲೇರ್ ಮಾಡಿದ ವೇರಿಯಬಲ್ ನಾಲ್ಕರಲ್ಲೂ ನಲ್. ಪಟ್ಟಿ ಕಟ್ಟಲು ಅದಕ್ಕೆ ಒಂದೊಂದೇ ಹೆಸರು ಸೇರಿಸುತ್ತಾ ಹೋದರೆ, ಎಸ್‌ಕ್ಯುಎಲ್ ಸರ್ವರ್‌ನ ಕೂಡು ಚಿಹ್ನೆ, ಪೋಸ್ಟ್‌ಗ್ರೆಸ್‌ನ ಜೋಡಿ ಗೆರೆ, ಮೈಎಸ್‌ಕ್ಯುಎಲ್‌ನ ಕನ್‌ಕ್ಯಾಟ್ ಮೂರೂ ಕೊನೆಗೆ ನಲ್ ಕೊಡುತ್ತವೆ. ಒರಾಕಲ್‌ನಲ್ಲಿ ಆ ತೊಂದರೆ ಇಲ್ಲ, ಬದಲಿಗೆ ಖಾಲಿ ಸ್ಟ್ರಿಂಗೇ ನಲ್. ಬೆಲೆ ಖಾಲಿಯೇ ಎಂದು ಸಮ ಚಿಹ್ನೆ ಹಾಕಿ '' ಜೊತೆ ಹೋಲಿಸುವ ಷರತ್ತು ಎಂದೂ ನಿಜವಾಗುವುದಿಲ್ಲ. ಎಸ್‌ಕ್ಯುಎಲ್ ಸರ್ವರ್‌ನ ಲೂಪ್ ಒಳಗೆ ಬೆಲೆ ಕೊಡದೆ ಡಿಕ್ಲೇರ್ ಮಾಡಿದರೆ ಪ್ರತಿ ಸುತ್ತಿಗೂ ಅದು ಹೊಸದಾಗಿ ನಲ್ ಆಗುವುದಿಲ್ಲ, ಹಿಂದಿನ ಸುತ್ತಿನ ಬೆಲೆ ಹಾಗೇ ಉಳಿದಿರುತ್ತದೆ.

ಈಗಾಗಲೇ ಇರುವ ಕೋಡ್‌ನಲ್ಲಿ ಹುಡುಕುವುದು

ಹೊಸ ಕೋಡ್‌ಗೆ ರೂಢಿ ಸಾಕು. ಹಳೆಯದರಲ್ಲಿ ಅಡಗಿರುವುದನ್ನು ಹುಡುಕಬೇಕು. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಪ್ರೊಸೀಜರ್‌ಗಳ ಪ್ಯಾರಾಮೀಟರ್ ಸುಲಭ: ಸಿಸ್.ಪ್ಯಾರಾಮೀಟರ್ಸ್ ನೋಟದಲ್ಲಿ (ವ್ಯೂ) ಮ್ಯಾಕ್ಸ್_ಲೆಂತ್ 1 ಇರುವ ವಾರ್‌ಚಾರ್ ಮತ್ತು 2 ಇರುವ ಎನ್‌ವಾರ್‌ಚಾರ್ ಪ್ಯಾರಾಮೀಟರ್‌ಗಳನ್ನು ಪಟ್ಟಿ ಮಾಡಿ. ಆ ಕಾಲಂ ಬೈಟ್ ಲೆಕ್ಕದ್ದು, ಅದಕ್ಕೇ ಎರಡನೆಯದಕ್ಕೆ 2. ನಿಜವಾಗಿ ಒಂದೇ ಅಕ್ಷರ ಬೇಕಾದವು ಆ ಪಟ್ಟಿಯಲ್ಲಿ ಬೆರಳೆಣಿಕೆಯಷ್ಟು ಇರುತ್ತವೆ, ಉಳಿದವು ಉದ್ದ ಮರೆತವು. ಒಳಗಿನ ವೇರಿಯಬಲ್‌ಗಳು ಯಾವ ನೋಟದಲ್ಲೂ ಸಿಗುವುದಿಲ್ಲ. ಸಿಸ್.ಎಸ್‌ಕ್ಯುಎಲ್_ಮಾಡ್ಯೂಲ್ಸ್‌ನಿಂದ ಕೋಡ್‌ನ ಪಠ್ಯ ಹೊರತೆಗೆದು, ವಾರ್‌ಚಾರ್ ಪದದ ನಂತರ ಆವರಣ ಇಲ್ಲದ ಜಾಗಗಳನ್ನು ರೆಗ್ಯುಲರ್ ಎಕ್ಸ್‌ಪ್ರೆಷನ್‌ನಿಂದ ಹುಡುಕಬೇಕು.

ಟೇಬಲ್‌ಗೆ ಇನ್ಸರ್ಟ್ ಮಾಡುವಾಗ ಉದ್ದ ಮೀರಿದರೆ ಎಸ್‌ಕ್ಯುಎಲ್ ಸರ್ವರ್ ಎರರ್ ಕೊಡುತ್ತದೆ. ಹಿಂದೆ ಬರುತ್ತಿದ್ದ 8152 ಸಂಖ್ಯೆಯ ಎರರ್ ಯಾವ ಕಾಲಂ ಎಂದು ಹೇಳುತ್ತಿರಲಿಲ್ಲ, 2019ರ ಆವೃತ್ತಿಯ 2628 ಟೇಬಲ್, ಕಾಲಂ, ಕತ್ತರಿಸಿಹೋಗುವ ಬೆಲೆ ಮೂರನ್ನೂ ಹೇಳುತ್ತದೆ. ವೇರಿಯಬಲ್‌ಗೆ ಮಾತ್ರ ಅಂಥ ಎರರ್ ಈಗಲೂ ಇಲ್ಲ. ಹಲವು ಅಂಕಿಗಳ ಪೂರ್ಣಾಂಕವನ್ನು (ಇಂಟ್) ಉದ್ದವಿಲ್ಲದ ವಾರ್‌ಚಾರ್ ವೇರಿಯಬಲ್‌ಗೆ ಕೊಟ್ಟರಂತೂ ಮೊದಲ ಅಂಕಿಯೂ ಉಳಿಯುವುದಿಲ್ಲ. 12345 ಕೊಟ್ಟರೆ ಒಳಗೆ ಸಿಗುವುದು ಒಂದು ನಕ್ಷತ್ರ ಚಿಹ್ನೆ. ಡೇಟಾ ಪರಿಶೀಲನೆಯಲ್ಲಿ ಯಾವುದಾದರೂ ಕಾಲಂನಲ್ಲಿ ಬರೀ * ಇರುವ ರೋಗಳು ಕಂಡರೆ, ಆ ಕಾಲಂಗೆ ಬರೆಯುವ ಪ್ರೊಸೀಜರ್‌ನ ಡಿಕ್ಲೇರ್ ಸಾಲುಗಳಿಂದಲೇ ಹುಡುಕಲು ಶುರು ಮಾಡಿ.